ಅರಳಿ ಮರಕ್ಕೆ ಕಟ್ಟೆ ಕಟ್ಟಿದ ವರ್ಷ

ಹಾಸನದಲ್ಲಿ ನಮ್ಮ ಮನೆ ಎದುರಿಗಿರುವ ಪಾರ್ಕನ್ನು ಬಹಳ ವರ್ಷ ನಾನು ಪಾರ್ಕು ಅಂತಲೇ ಅಂದುಕೊಂಡಿರಲಿಲ್ಲ. ಬಡಾವಣೆಯ ನಕ್ಷೆಯಲ್ಲಿ ಹಾಗೆ ಬರೆದಿತ್ತಂತೆ. ಕಣ್ಣಿಗೆ ಕಾಣುತ್ತಿದ್ದದ್ದು ಎದೆಯೆತ್ತರ ಬೆಳೆದ ಪಾರ್ಥೇನಿಯಂ, ಮನೆ ಕಟ್ಟಿದವರು ತಂದು ಸುರಿದ ಇಟ್ಟಿಗೆ ಚೂರು, ಒಡೆದ ಕಮೋಡು, ಬಾಟಲಿ. ನಾನು ಚನ್ನರಾಯಪಟ್ಟಣದ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಬೆಳಿಗ್ಗೆ ಬಸ್ಸು ಹತ್ತಿದರೆ ಮನೆ ಸೇರುವುದು ಸಂಜೆಗೆ. ಅಕ್ಕಪಕ್ಕದವರ ಮುಖ ಗೊತ್ತಿತ್ತು, ಅಷ್ಟೆ.

ಕೋವಿಡ್ಡಿನ ಎರಡನೇ ಅಲೆಯಲ್ಲಿ ನಮ್ಮ ಬೀದಿಯಲ್ಲೂ ಸಾವುಗಳಾದವು. ಅದು ಇಳಿದ ಮೇಲೂ ಜನ ಬಾಗಿಲು ತೆರೆಯಲು ಹೆದರುತ್ತಿದ್ದರು. ಅಂಥ ಒಂದು ಭಾನುವಾರ ಬೆಳಿಗ್ಗೆ ಕಿಟಕಿಯಿಂದ ನೋಡಿದರೆ ಮೂಲೆ ಮನೆಯ ಹಿರಿಯರೊಬ್ಬರು ಒಬ್ಬರೇ ನಿಂತು ಪಾರ್ಥೇನಿಯಂ ಕೀಳುತ್ತಿದ್ದರು. ಸೈನ್ಯದಿಂದ ನಿವೃತ್ತಿಯಾಗಿ ಬಂದವರು. ಬೀದಿಯಲ್ಲಿ ಎಲ್ಲರೂ ಅವರನ್ನು ಮಿಲಿಟರಿಯವರು ಅನ್ನುತ್ತಿದ್ದರು. ನಾನು ಕಾಫಿ ತೆಗೆದುಕೊಂಡು ಹೋಗಿ ಕೊಟ್ಟೆ.

"ಮನೇಲಿ ಕೂತೂ ಕೂತೂ ತಲೆ ಕೆಟ್ಟೋಯ್ತು ಮೇಡಂ," ಅಂದರು. "ಕೈಗೆ ಏನಾರ ಕೆಲ್ಸ ಬೇಕು."

ನಾನೂ ಸೀರೆ ಸೆರಗು ಸಿಕ್ಕಿಸಿಕೊಂಡು ಅವರ ಪಕ್ಕ ಬಗ್ಗಿದೆ. ನಮ್ಮ ಬಳಗ ಶುರುವಾದದ್ದು ಹಾಗೆ. ಮುಂದಿನ ವಾರ ಇನ್ನೊಂದಿಷ್ಟು ಜನ ಗುದ್ದಲಿ, ಮಚ್ಚು, ಬಾಂಡ್ಲಿ ಹಿಡಿದು ಬಂದರು. ಆಲೂಗಡ್ಡೆ ಬೀಜದ ಅಂಗಡಿ ಇಟ್ಟುಕೊಂಡಿರುವ ನಮ್ಮ ಯಜಮಾನರು ಗೋಣಿಚೀಲ, ಹಗ್ಗ ಕೊಟ್ಟರು. ಆಮೇಲೆ ತಾವೇ ಬಂದು ಕಸ ಹೊರುವುದಕ್ಕೆ ನಿಂತರು.

ಪಾರ್ಕಿನ ಆ ಬದಿಯ ಮನೆಯಿಂದ ಒಬ್ಬ ಹೆಂಗಸು ಬರುತ್ತಿದ್ದಳು. ಆಸ್ಪತ್ರೆಯಲ್ಲಿ ನರ್ಸು. ಎಲ್ಲರೂ ಸಿಸ್ಟರ್ ಅನ್ನುತ್ತಿದ್ದೆವು. ಮಾತು ಕಡಿಮೆ. ಒಡೆದ ಗಾಜು ಆರಿಸುವ ಕೆಲಸವನ್ನು ತಾನೇ ವಹಿಸಿಕೊಂಡಿದ್ದಳು, ಕೈಗೆ ಗ್ಲೌಸು ಹಾಕಿಕೊಂಡು, ಮೊಣಕಾಲೂರಿ, ಒಂದೊಂದೇ ಚೂರು. ಕೆಲಸ ಮುಗಿದ ಮೇಲೆ ಒಬ್ಬೊಬ್ಬರ ಮನೆಯಿಂದ ತಿಂಡಿ ಬರುತ್ತಿತ್ತು. ಅವಳು ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ತಂದ ದಿನ ಕೆಲವರಿಗೆ ಇದ್ದಕ್ಕಿದ್ದಂತೆ ಉಪವಾಸ ನೆನಪಾಯಿತು. ಅವಳು ಅದನ್ನು ನೋಡಿದಳು. ಮಿಲಿಟರಿಯವರೂ ನಾನೂ ಕೂತು ತಿಂದೆವು. ಮುಂದಿನ ಸಲದಿಂದ ಅವಳು ಬರೀ ಬಾಳೆಹಣ್ಣು ತಂದಳು.

ಅವಳ ಗಂಡ ಎರಡನೇ ಅಲೆಯಲ್ಲಿ ತೀರಿಕೊಂಡಿದ್ದ ವಿಷಯ ನನಗೆ ಗೊತ್ತಾದದ್ದು ಅವಳು ಗಿಡ ತಂದ ದಿನ. ಹಳೆಯ ಪೇಂಟ್ ಬಕೆಟ್ಟಿನಲ್ಲಿ ಮೊಣಕಾಲೆತ್ತರದ ಅರಳಿ ಸಸಿ. ನಡುವಿನ ಜಾಗ ಅಷ್ಟು ಹೊತ್ತಿಗೆ ಹಸನಾಗಿತ್ತು. ಸುತ್ತ ಹೊಂಗೆ, ನೇರಳೆ, ಸಂಪಿಗೆ ಹಾಕಿದ್ದೆವು.

"ಇದನ್ನ ನಡುವೆ ನೆಡಬಹುದಾ?" ಅಂತ ಮಿಲಿಟರಿಯವರನ್ನು ಕೇಳಿದಳು.

"ಧಾರಾಳವಾಗಿ ನೆಡಿ. ದೊಡ್ಡ ಮರ ಆಗುತ್ತೆ, ನಡುವೆನೇ ಸರಿ."

ಗುಂಡಿ ತೋಡುವಾಗ ನಾನು ಜೊತೆಗಿದ್ದೆ. ಮಣ್ಣು ಎತ್ತಿ ಹಾಕುತ್ತಾ ಹೇಳಿದಳು. ಅವರ ಮನೆಯ ತಾರಸಿ ಗೋಡೆಯ ಬಿರುಕಿನಲ್ಲಿ ಅದು ಹುಟ್ಟಿತ್ತಂತೆ. ಗೋಡೆ ಹಾಳಾಗುತ್ತದೆ, ಕಿತ್ತು ಬಿಸಾಕಿ ಅಂತ ಇವಳು ಹೇಳಿದರೆ, ಗಂಡ ಬೇರು ಹರಿಯದ ಹಾಗೆ ಬಿಡಿಸಿ ಬಕೆಟ್ಟಿಗೆ ಹಾಕಿದರಂತೆ. ಅವರ ಮನೆಯವರು ಬುದ್ಧನನ್ನು ನಂಬಿದವರು. 'ಬೋಧಿ ಗಿಡ ತಾನಾಗೇ ಮನೆಗೆ ಬಂದಿದೆ, ಬಿಸಾಕು ಅಂತೀಯಲ್ಲ' ಅಂದಿದ್ದರಂತೆ.

"ಆಮೇಲೆ ಸ್ವಲ್ಪ ದಿನಕ್ಕೇ ಜ್ವರ ಬಂತು ಅಕ್ಕ," ಅಂದಳು. ಅಲ್ಲಿಯವರೆಗೂ ಮೇಡಂ ಅನ್ನುತ್ತಿದ್ದವಳು ಅಕ್ಕ ಅಂದದ್ದು ಅವತ್ತೇ ಮೊದಲು. "ಅವರಿದ್ದ ಆಸ್ಪತ್ರೇಲೇ ನಾನು ಕೆಳಗಡೆ ವಾರ್ಡಲ್ಲಿ ಡ್ಯೂಟೀಲಿದ್ದೆ. ಹೋದರು ಅಂತ ಬಂದು ಹೇಳಿದ್ರು. ಪ್ಲಾಸ್ಟಿಕ್ಕಲ್ಲಿ ಸುತ್ತಿಬಿಟ್ಟಿದ್ರು. ಅವತ್ತಿನ ನಿಯಮ ಹಂಗೇ ಇತ್ತು, ನಾನೇ ಎಷ್ಟೋ ಜನಕ್ಕೆ ಹಂಗೆ ಸುತ್ತಿದೀನಿ. ಎಲ್ಲಿ ಸುಟ್ರು ಅಂತ ಗೊತ್ತು. ಯಾವ ಬೂದಿ ಅವರದು ಅಂತ ಗೊತ್ತಿಲ್ಲ."

ಗುಂಡಿಗೆ ಸಸಿ ಇಟ್ಟು ಎರಡೂ ಕೈಯಿಂದ ಮಣ್ಣು ಒತ್ತಿದಳು. ನಾನು ನೀರು ತಂದು ಹುಯ್ದೆ.

ಅರಳಿ ಬೇಗ ಬೆಳೆಯುತ್ತದೆ. ನಾವು ನೋಡುತ್ತಿದ್ದಂತೆ ಅದು ಮಿಲಿಟರಿಯವರ ತಲೆ ದಾಟಿತು, ಆಮೇಲೆ ದೀಪದ ಕಂಬದ ಅರ್ಧಕ್ಕೆ ಬಂತು. ಅಷ್ಟರಲ್ಲಿ ಪಾರ್ಕು ಪಾರ್ಕಾಗಿತ್ತು. ನಗರಸಭೆಯವರು ಬೇಲಿ ಹಾಕಿಸಿದರು, ನಡೆಯಲು ದಾರಿ ಮಾಡಿಸಿದರು. ಸಂಜೆ ಮಕ್ಕಳು ಬರುತ್ತಿದ್ದವು. ಸಿಸ್ಟರು ಡ್ಯೂಟಿ ಮುಗಿಸಿ ಮನೆಗೆ ಹೋಗುವ ಮುಂಚೆ ಮರದ ಕೆಳಗೆ ಸ್ವಲ್ಪ ಹೊತ್ತು ಕಾಲು ಮಡಿಸಿ ಕೂರುತ್ತಿದ್ದಳು. ಕಣ್ಣು ಮುಚ್ಚುತ್ತಿರಲಿಲ್ಲ, ಏನೂ ಪಠಿಸುತ್ತಿರಲಿಲ್ಲ. ಸುಮ್ಮನೆ ಕೂರುವುದು. ಒಂದೊಂದು ಸಲ ನಾನೂ ಹೋಗಿ ಪಕ್ಕದಲ್ಲಿ ಕೂರುತ್ತಿದ್ದೆ. ನಿವೃತ್ತಿಯಾದ ಮೇಲೆ ನನಗೆ ಸಿಕ್ಕ ಒಬ್ಬಳೇ ಗೆಳತಿ ಅವಳು.

ಆಗಲೇ ನಮ್ಮ ಅತ್ತೆಗೆ ಕಾಲು ಸೋತದ್ದು. ಅತ್ತೆ ದೊಡ್ಡಗದ್ದವಳ್ಳಿ ಕಡೆಯವರು. ಮದುವೆಯಾಗಿ ಬರುವವರೆಗೂ ದಿನಾ ಎದ್ದು ಲಕ್ಷ್ಮೀದೇವಿ ಗುಡಿ ಸುತ್ತಿದವರು. ಗಂಡ ಎಳೆ ವಯಸ್ಸಿಗೇ ಹೋದ ಮೇಲೆ ಹೊಲ ಉತ್ತು, ಹಸು ಕಟ್ಟಿ, ಒಬ್ಬನೇ ಮಗನನ್ನು ಓದಿಸಿದವರು. ಹಾಸನದಲ್ಲಿ ದೇವಸ್ಥಾನದವರೆಗೆ ನಡೆಯಲು ಆಗದಾದಾಗ ಅವರು ಕಂಡುಕೊಂಡದ್ದು ಎದುರಿಗಿದ್ದ ಅರಳಿ ಮರ. ಬೆಳಿಗ್ಗೆ ಕೋಲು ಹಿಡಿದು ಗೇಟು ದಾಟಿ ಹೋಗಿ ಮರ ಸುತ್ತಿ ಬರುತ್ತಿದ್ದರು. ಒಂದು ದಿನ ಕಾಂಡಕ್ಕೆ ಕುಂಕುಮ ಹಚ್ಚಿದರು. ಆಮೇಲೆ ಅರಿಶಿನದ ದಾರ ಸುತ್ತಿದರು.

ಸಿಸ್ಟರು ಅದನ್ನು ಕಂಡ ಬೆಳಿಗ್ಗೆ ನಾನು ಅಲ್ಲೇ ಇದ್ದೆ. ಅತ್ತೆಯ ಹತ್ತಿರ ಹೋಗಿ ಮೆಲ್ಲಗೆ ಹೇಳಿದಳು.

"ಅಜ್ಜಿ, ನೀವು ಮರ ಸುತ್ತಿ, ನಂಗೆ ಖುಷಿ. ಕುಂಕುಮ ಮಾತ್ರ ಬೇಡ. ಇದು ನಮ್ಮ ಮನೆಯವರು ಬೆಳೆಸಿದ ಗಿಡ. ಅವರಿಗೆ ಅದೆಲ್ಲ ಇರಲಿಲ್ಲ."

ಅತ್ತೆ ಅವಳ ಮುಖ ನೋಡಿದರು. "ಅಂಗಂತೀಯಾ? ಅರಳಿ ಮರಕ್ಕೆ ಕುಂಕ್ಮ ಇಕ್ಕದೆ ಎಂಗವ್ವಾ ಕೈಮುಗಿಯಾದು?" ಆಮೇಲೆ ಮರದ ಕಡೆ ತಿರುಗಿ, "ನಿನ್ ಗಂಡನ ಗಿಡವಾ? ಎಷ್ಟು ವಯಸ್ಸಾಗಿತ್ತು ಮಗಾ ಅವನಿಗೆ?" ಅಂದರು.

ಅವಳು ಹೇಳಿದಳು. ಅತ್ತೆ ಅವಳ ಕೈ ಹಿಡಿದುಕೊಂಡು ಬಹಳ ಹೊತ್ತು ನಿಂತರು. ಆಮೇಲೆ ಅವರು ಕುಂಕುಮ ಹಚ್ಚಲಿಲ್ಲ. ಬೇಕಾದರೆ ನೆಲದ ಮೇಲೆ ಒಂದು ಹೂವಿಟ್ಟು ಬರುತ್ತಿದ್ದರು. ಅವರಿಬ್ಬರ ನಡುವೆ ಅದು ಅಷ್ಟಕ್ಕೆ ಸರಿಹೋಗಿತ್ತು.

ಆದರೆ ಅತ್ತೆಯನ್ನು ನೋಡಿ ಬೇರೆ ಹೆಂಗಸರೂ ಕುಂಕುಮ, ದಾರ ಹಿಡಿದು ಬರಲು ಶುರು ಮಾಡಿದ್ದರು. ಅವರಿಗೆ ಯಾರೂ ಏನೂ ಹೇಳುವ ಹಾಗಿರಲಿಲ್ಲ. ಒಮ್ಮೆ ಅತ್ತೆಯೇ ಮರದ ಕೆಳಗೆ ಕೂತು ಮಗನಿಗೆ ಅಂದರು, "ಇಲ್ಲೊಂದು ನಾಗಪ್ಪನ ಕಲ್ಲಿದ್ದಿದ್ರೆ ಒಂದ್ತೊಟ್ಟು ಹಾಲಾರ ಎರೀಬೋದಿತ್ತು ಕಣ್ಲಾ." ಮಾತಿಗೆ ಅಂದದ್ದು. ಅವರಿಗೆ ಅದು ಮತ್ತೆ ನೆನಪಾಗಿರಲಿಕ್ಕೂ ಇಲ್ಲ. ಮಗನ ಮನಸ್ಸಿನಲ್ಲಿ ಅದು ಉಳಿದುಬಿಟ್ಟಿತು.

ಆ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಅತ್ತೆ ಹೋಗಿಬಿಟ್ಟರು. ಊಟ ಮಾಡಿ ಮಲಗಿದವರು ಏಳಲಿಲ್ಲ. ನಮ್ಮ ಯಜಮಾನರು ಅಂಗಡಿಗೆ ಹೋಗುವುದನ್ನೇ ಬಿಟ್ಟು ವರಾಂಡದಲ್ಲಿ ಕೂತಿರುತ್ತಿದ್ದರು. ತಾಯಿಯ ಕೋಲು ಗೋಡೆಗೆ ಒರಗಿಸಿದ ಹಾಗೇ ಇತ್ತು, ಯಾರೂ ಎತ್ತಿಡುವ ಹಾಗಿರಲಿಲ್ಲ. ಅಷ್ಟು ದೊಡ್ಡ ಗಂಡಸು ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅಳುವುದು ನನಗೆ ಕೇಳಿಸುತ್ತಿತ್ತು. ವರ್ಷದ ತಿಥಿ ಹತ್ತಿರ ಬಂದಾಗ ಒಂದು ಬೆಳಿಗ್ಗೆ ಅವರು ಹೇಳಿದರು.

"ಆ ಮರಕ್ಕೆ ಕಟ್ಟೆ ಕಟ್ಟಿಸ್ತೀನಿ. ನಾಗರ ಕಲ್ಲು ಇಡಿಸ್ತೀನಿ. ಅವ್ವ ಕೇಳಿತ್ತು."

"ಆ ಮರ ಸಿಸ್ಟರ್ ಗಂಡನದು, ನಿಮಗೂ ಗೊತ್ತಲ್ಲ," ಅಂದೆ.

"ಪಾರ್ಕಲ್ಲಿರೋ ಮರ ಎಲ್ಲಾರ್ದೂ."

"ಎಲ್ಲಾರ್ದೂ ಅಂದ್ರೆ ಅವಳದೂ ಅಲ್ಲವಾ? ಅವಳನ್ನ ಒಂದು ಮಾತು ಕೇಳಿ."

"ನಾನೇನು ಕಡಿಸ್ತಾ ಇದೀನಾ? ಪೂಜೆ ಮಾಡಿಸ್ತಾ ಇದೀನಿ."

ಬೇರೆ ಕಡೆ ಕಟ್ಟಿಸಿ, ಕೊರವಂಗಲದಲ್ಲಿ ಅತ್ತೆ ಉತ್ತ ಹೊಲದ ಬದಿಯಲ್ಲಿ ನಮ್ಮದೇ ಅರಳಿ ಇದೆ ಅಂತ ಹೇಳಿ ನೋಡಿದೆ. ಅವ್ವ ಸುತ್ತಿದ್ದು ಆ ಮರವನ್ನಲ್ಲ ಅಂದರು. ಇಬ್ಬರ ದುಃಖವೂ ನಿಜವೇ. ಮರ ಮಾತ್ರ ಒಂದೇ.

ಭಾನುವಾರ ಕೆಲಸಕ್ಕೆ ಸೇರಿದಾಗ ಅವರು ಎಲ್ಲರ ಮುಂದೆ ವಿಷಯ ಇಟ್ಟರು. ಬಹಳ ಜನಕ್ಕೆ ಸಂತೋಷವಾಯಿತು. ಹೆಂಗಸರು, ಒಳ್ಳೇದಾಯ್ತು ಅಣ್ಣ, ದೂರ ಹೋಗೋದು ತಪ್ಪಿತು ಅಂದರು. ಸಿಸ್ಟರು ನೀರಿನ ಪೈಪು ಹಿಡಿದು ಹೊಂಗೆ ಗಿಡದ ಹತ್ತಿರ ನಿಂತಿದ್ದಳು. ಪೈಪು ಕೆಳಗಿಟ್ಟು ಬಂದಳು.

"ಸಾರ್, ಅಜ್ಜಿ ಹೆಸರಲ್ಲಿ ಏನಾದರೂ ಮಾಡಿ, ನಾನೇ ಬಂದು ಮಣ್ಣು ಹೊರ್ತೀನಿ. ಬೆಂಚು ಹಾಕಿಸಿ, ಆ ಮೂಲೇಲಿ ಹೊಸದೊಂದು ಅರಳಿ ನೆಡೋಣ, ಅದಕ್ಕೆ ಕಟ್ಟೆ ಕಟ್ಟಿಸಿ. ಈ ಮರ ಮಾತ್ರ ಹಿಂಗೇ ಬಿಟ್ಟುಬಿಡಿ. ನಂಗೆ ಅವರ ಸಮಾಧಿ ಅಂತ ಇಲ್ಲ. ಇಲ್ಲಿ ಬಂದು ಕೂತ್ಕೋತೀನಿ, ಅಷ್ಟೇ."

"ಕೂತ್ಕೊಳ್ಳೋಕೆ ಯಾರು ಬೇಡ ಅಂದ್ರು ಸಿಸ್ಟರ್?" ಅಂದರು ಇವರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ನಿಮ್ಮ ಮರಕ್ಕೆ ಊರೆಲ್ಲ ಕೈಮುಗಿಯುತ್ತೆ. ನಿಮಗೂ ಸಂತೋಷ ತಾನೆ?"

"ಕೈಮುಗಿಯೋದು ನಾಗಪ್ಪನಿಗೆ ಸಾರ್. ಅವರು ಇದರಲ್ಲಿ ಎಲ್ಲೂ ಇರಲ್ಲ."

ಹಿಂದಿನಿಂದ ಯಾರೋ, "ಅವ್ರಿಗೆ ದೇವರಂದ್ರೆ ಆಗಕಿಲ್ಲ ಬುಡಿ," ಅಂದರು. ಅವಳ ಮುಖ ಒಂದು ಕ್ಷಣ ಬಿಗಿಯಾಯಿತು. ನಾನು ಎದ್ದು ನಿಂತು, ಈ ಮಾತು ತಪ್ಪು, ಈ ಮರ ನೆಟ್ಟಾಗ ನಾನಿದ್ದೆ, ಅವಳು ಕೇಳುತ್ತಿರುವುದು ನ್ಯಾಯ, ನನ್ನ ಅತ್ತೆಯೇ ಅವಳ ಮಾತಿಗೆ ಕುಂಕುಮ ಬಿಟ್ಟಿದ್ದರು ಅಂದೆ. ನನ್ನ ಗಂಡ ತಲೆ ತಗ್ಗಿಸಿ ನೆಲ ನೋಡುತ್ತಿದ್ದರು. ಎಲ್ಲರೂ ಮಿಲಿಟರಿಯವರ ಕಡೆ ತಿರುಗಿದರು. ಅವರು ಬಹಳ ಹೊತ್ತು ಕೈಯಲ್ಲಿದ್ದ ಮಚ್ಚಿನ ಮಣ್ಣು ಒರೆಸಿದರು.

"ಜಾಸ್ತಿ ಜನ ಏನಂತಾರೋ ಹಂಗೇ ಆಗ್ಲಿ," ಅಂದರು.

ಸಿಸ್ಟರು ಹೋಗಿ ನಲ್ಲಿ ನಿಲ್ಲಿಸಿದಳು, ಪೈಪನ್ನು ಸುತ್ತಿ ಎಂದಿನ ಜಾಗದಲ್ಲಿಟ್ಟಳು, ಮನೆ ಕಡೆ ನಡೆದಳು. ನಾನು ಕರೆದದ್ದು ಕೇಳಿಸಿರಬೇಕು. ತಿರುಗಲಿಲ್ಲ.

ಕಟ್ಟೆಯ ಕೆಲಸ ಬೇಗ ಮುಗಿಯಿತು. ಮೇಸ್ತ್ರಿ ಮರದ ಸುತ್ತ ಆಳವಾಗಿ ಪಾಯ ತೆಗೆದ. ಬೇರು ಅಡ್ಡ ಬಂದಾಗ ಕಡಿದ. ಕಲ್ಲು ಕಟ್ಟಿ ಒಳಗೆ ಮಣ್ಣು ತುಂಬಿ, ಮೇಲೆ ಕಾಂಡದವರೆಗೂ ಸಿಮೆಂಟು ಎಳೆದು ಟೈಲ್ಸು ಹಾಕಿದ. ನಾಗರ ಕಲ್ಲಿನ ಪ್ರತಿಷ್ಠೆಗೆ ಪುರೋಹಿತರು ಬಂದರು, ಇಡೀ ಬಡಾವಣೆಗೆ ಊಟ ಆಯಿತು. ಕಟ್ಟೆಯ ಮುಂಭಾಗಕ್ಕೆ ಅತ್ತೆಯ ಹೆಸರಿನ ಕಲ್ಲು. ಇವರು ಅದನ್ನು ಕೈಯಿಂದ ಒರೆಸಿ ಒರೆಸಿ ನೋಡುತ್ತಿದ್ದರು. ಅವರ ಮುಖದ ಮೇಲೆ ಒಂದು ವರ್ಷದಿಂದ ಇಲ್ಲದಿದ್ದ ಕಳೆ ಬಂದದ್ದು ಕಂಡು ನನಗೆ ಸಮಾಧಾನವೂ ಆಯಿತು. ಅದನ್ನು ಮುಚ್ಚಿಡುವುದಿಲ್ಲ.

ಸಿಸ್ಟರು ಊಟಕ್ಕೆ ಬರಲಿಲ್ಲ. ನಾನು ಮಾರನೆಯ ದಿನ ಅವಳ ಮನೆಗೆ ಹೋದೆ. ಕೂರಿಸಿದಳು, ಟೀ ಕೊಟ್ಟಳು. ಗೋಡೆಯ ಮೇಲೆ ಬುದ್ಧನ ಚಿತ್ರ, ಅದರ ಕೆಳಗೆ ಗಂಡನ ಫೋಟೋ. ಮಗಳ ಪರೀಕ್ಷೆ, ಆಸ್ಪತ್ರೆಯ ಶಿಫ್ಟು, ಎಲ್ಲಾ ಮಾತಾಡಿದಳು. ಮರದ ವಿಷಯ ನಾನು ತೆಗೆದಾಗ, "ಹೋಗಲಿ ಬಿಡಿ," ಅಂದಳು. ಅಕ್ಕ ಅನ್ನಲಿಲ್ಲ.

ಸ್ವಲ್ಪ ದಿನಕ್ಕೆ ಕಟ್ಟೆಯ ಮೇಲೆ ನಾಯಿ ಮಲಗುತ್ತದೆ, ಹುಡುಗರು ಚಪ್ಪಲಿ ಕಾಲಲ್ಲಿ ಹತ್ತುತ್ತಾರೆ ಅಂತ ಇವರು ಸುತ್ತ ಕಬ್ಬಿಣದ ಗ್ರಿಲ್ಲು ಹಾಕಿಸಿದರು. ಗ್ರಿಲ್ಲಿಗೆ ಬೀಗ. ಬೀಗದ ಕೈ ನಮ್ಮ ಮನೆಯಲ್ಲಿ. ಒಂದು ಸಂಜೆ ಕಿಟಕಿಯಿಂದ ನೋಡಿದೆ: ಆಸ್ಪತ್ರೆಯ ಬ್ಯಾಗು ಹೆಗಲಿಗೆ ಹಾಕಿಕೊಂಡು ಸಿಸ್ಟರು ಗ್ರಿಲ್ಲಿನ ಹೊರಗೆ ನಿಂತಿದ್ದಳು. ನಾನು ಬೀಗದ ಕೈ ಎತ್ತಿಕೊಂಡು ಓಡಿದೆ. "ಇದು ನಿಮ್ಮ ಹತ್ತಿರಾನೇ ಇರಲಿ ಸಿಸ್ಟರ್, ನಾನು ಇನ್ನೊಂದು ಮಾಡಿಸ್ಕೋತೀನಿ."

ಅವಳು ನನ್ನ ಅಂಗೈಯಲ್ಲಿದ್ದ ಬೀಗದ ಕೈಯನ್ನು ನೋಡಿದಳು. "ಬೇಡ ಮೇಡಂ. ಬೀಗ ತೆಗೆದು ಒಳಗೆ ಹೋಗಿ ಕೂತ್ಕೊಳ್ಳೋದಾದ್ರೆ ನಂಗೆ ಮನೇನೇ ಇದೆ," ಅಂದಳು.

ಆಮೇಲೆ ಅವಳು ಪಾರ್ಕಿಗೆ ಬರಲಿಲ್ಲ. ಭಾನುವಾರ ಗಾಜು ಆರಿಸುವವರು, ಗಿಡಗಳಿಗೆ ಸರದಿಯ ಪ್ರಕಾರ ನೀರು ಬಿಡುವವರು ಇಲ್ಲವಾದರು. ಮಿಲಿಟರಿಯವರು ಕೆಲವು ವಾರ ಬಂದರು. ಆಮೇಲೆ ಸೊಂಟ ನೋವು ಅಂದರು. ಒಮ್ಮೆ ದಾರಿಯಲ್ಲಿ ಸಿಕ್ಕಾಗ, "ನಾನು ಆವತ್ತು ಬೇರೆ ಮಾತು ಆಡಬೇಕಿತ್ತು ಮೇಡಂ," ಅಂದು ನನ್ನ ಉತ್ತರಕ್ಕೆ ಕಾಯದೆ ಹೋದರು. ಕಟ್ಟೆಗೆ ಬರುವವರು ಕಟ್ಟೆ ಗುಡಿಸುತ್ತಿದ್ದರು, ಅದರಾಚೆಗೆ ಅಲ್ಲ. ಹೊಂಗೆ ಗಿಡಗಳ ಬುಡದಲ್ಲಿ ಪಾರ್ಥೇನಿಯಂ ಮತ್ತೆ ಕಾಣಿಸಿಕೊಂಡಿತು. ನಾನು ಒಬ್ಬಳೇ ಹೋಗಿ ಕೀಳುತ್ತಿದ್ದೆ. ಮಂಡಿ ನೋಯುತ್ತಿತ್ತು. ಎಷ್ಟು ಕಿತ್ತರೂ ಸಾಲುತ್ತಿರಲಿಲ್ಲ.

ಸಿಸ್ಟರು ಹೊಳೆನರಸೀಪುರಕ್ಕೆ ವರ್ಗ ಕೇಳಿಕೊಂಡು ಹೋದಳು. ಮನೆ ಬಾಡಿಗೆಗೆ ಕೊಟ್ಟಳು. ಹೋಗುವ ದಿನ ಹೇಳಿ ಹೋದಳು, ಬಾಗಿಲಲ್ಲೇ ನಿಂತು.

ಮುಂದಿನ ಬೇಸಿಗೆಯಲ್ಲಿ ಅರಳಿ ಚಿಗುರಲಿಲ್ಲ. ಎಲೆ ಉದುರುವ ಕಾಲ ಅಂತ ಮೊದಲು ಯಾರೂ ಗಮನಿಸಲಿಲ್ಲ. ಆಮೇಲೆ ಒಂದು ಕಡೆ ಮಾತ್ರ ನಾಲ್ಕು ತೆಳು ಎಲೆ ಬಂದು ಅವೂ ಸುಟ್ಟ ಹಾಗೆ ಒಣಗಿದವು. ಮಳೆ ಶುರುವಾದರೆ ಸರಿಹೋಗುತ್ತದೆ ಅಂದರು. ಮಳೆ ಬಂತು. ತೋಟಗಾರಿಕೆ ಇಲಾಖೆಯಲ್ಲಿದ್ದ ಪರಿಚಯದವರೊಬ್ಬರನ್ನು ಇವರು ಕರೆಸಿದರು. ಅವರು ತೊಗಟೆ ಕೆರೆದು ನೋಡಿದರು, ಒಳಗೆ ಹಸಿರಿರಲಿಲ್ಲ. "ಎಳೇ ಮರ. ಬೇರು ಕಡಿದು ಬುಡ ಮುಚ್ಚಿದೀರಿ. ಇನ್ನು ಬರಲ್ಲ," ಅಂದರು.

ನಮ್ಮ ಯಜಮಾನರು ಅವತ್ತು ಊಟ ಮಾಡಲಿಲ್ಲ. ಸಂಜೆ ಗ್ರಿಲ್ಲಿನ ಬೀಗ ತೆಗೆದು ಕಟ್ಟೆಯ ಮೇಲೆ ಕೂತಿದ್ದರು. ನಾನು ಹೋಗಿ ಪಕ್ಕದಲ್ಲಿ ಕೂತಾಗ, "ಅವ್ವನ ಹೆಸರು ಬರೆಸಿಬಿಟ್ಟಿದೀನಲ್ಲೇ ಇಲ್ಲಿ," ಅಂದರು.

ಸಿಸ್ಟರಿಗೆ ಯಾರಿಂದಲೋ ಗೊತ್ತಾಗುವುದು ಬೇಡ, ನಾನೇ ಹೇಳಬೇಕು ಅನ್ನಿಸಿತು. ಹೊಳೆನರಸೀಪುರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಾತು ಜೋಡಿಸುತ್ತಾ ಹೋದೆ. ಆಸ್ಪತ್ರೆಯಲ್ಲಿ ಅವಳು ಹೆರಿಗೆ ವಾರ್ಡಿನಲ್ಲಿದ್ದಳು. ನನ್ನನ್ನು ಕಂಡು, ಸ್ವಲ್ಪ ಇರಿ ಮೇಡಂ ಅಂತ ಸನ್ನೆ ಮಾಡಿದಳು. ಹೊರಗಿನ ಬೆಂಚಿನ ಮೇಲೆ ಕಾದೆ. ಒಳಗೆ ಆಗ ತಾನೇ ಹುಟ್ಟಿದ ಮಗುವೊಂದು ಬಿಡದೆ ಅಳುತ್ತಿತ್ತು. ಅವಳು ಕೈ ಒರೆಸಿಕೊಳ್ಳುತ್ತಾ ಬಂದು ಪಕ್ಕದಲ್ಲಿ ಕೂತಳು. ಕೂದಲು ಬೆಳ್ಳಗಾಗಿತ್ತು.

"ಸಿಸ್ಟರ್, ಮರ..." ಅಂದೆ.

"ಒಣಗಿತಾ?"

ನಾನು ತಲೆಯಾಡಿಸಿದೆ.

"ಆವತ್ತು ಮೇಸ್ತ್ರಿ ಬೇರು ಕಡಿಯೋದನ್ನ ನಮ್ಮ ತಾರಸಿ ಮೇಲಿಂದ ನೋಡಿದೆ ಮೇಡಂ. ದಪ್ಪ ಬೇರು. ಅವತ್ತೇ ಗೊತ್ತಾಯ್ತು. ಅವತ್ತೇ ಅತ್ತು ಮುಗಿಸ್ದೆ."

"ಯಾಕೆ ಬಂದು ಹೇಳಲಿಲ್ಲ?"

"ಹೇಳಿದ್ನಲ್ಲ," ಅಂದಳು. "ಎಲ್ಲಾರ ಮುಂದೆ ಹೇಳಿದ್ದೆ."

ನನ್ನ ಕಣ್ಣಲ್ಲಿ ನೀರು ಬಂತು. ಅವಳು ನನ್ನ ಬೆನ್ನ ಮೇಲೆ ಕೈಯಿಟ್ಟಳು, ರೋಗಿಗಳ ಕಡೆಯವರನ್ನು ಸಮಾಧಾನ ಮಾಡುವ ಹಾಗೆ. ಆ ಕೈಯಲ್ಲಿ ಕನಿಕರ ಇತ್ತು, ಸಲಿಗೆ ಇರಲಿಲ್ಲ. "ಒಣಗಿದ ಕೊಂಬೆ ಹಂಗೇ ಬಿಡಬೇಡಿ. ಗಾಳಿಗೆ ಬಿದ್ರೆ ಮಕ್ಕಳಿಗೆ ಏಟಾಗುತ್ತೆ. ಕಡಿಸಿಬಿಡಿ," ಅಂದಳು. ಒಳಗಿನಿಂದ ಯಾರೋ ಕರೆದರು. ಊಟ ಮಾಡಿಕೊಂಡು ಹೋಗಿ, ಎದುರಿಗೆ ಹೋಟೆಲಿದೆ ಅಂತ ಹೇಳಿ ಎದ್ದು ಹೋದಳು.

ಮನೆಗೆ ಬಂದು ಇವರಿಗೆ ಅವಳ ಮಾತು ಹೇಳಿದೆ. ಕೊಂಬೆ ಕಡಿಯುವವರನ್ನು ಕರೆಸಿದರು. ಬಂದವರು ಕಟ್ಟೆ, ಕಲ್ಲು, ದಾರ, ಕುಂಕುಮ ಎಲ್ಲ ನೋಡಿ, "ಅರಳಿ ಮರಕ್ಕೆ ಕೊಡ್ಲಿ ಆಕಾಕಿಲ್ಲ ಸಾ, ನಮ್ಗೂ ಮಕ್ಳು ಮರಿ ಅವೆ," ಅಂದು ಹೊರಟುಹೋದರು. ಆಮೇಲೆ ಬಂದವರೂ ಹಾಗೇ ಅಂದರು. ನಗರಸಭೆಗೆ ಹೇಳಿದರೆ, ಕಲ್ಲು ಪ್ರತಿಷ್ಠೆ ಆಗಿದೆ, ಜನ ಗಲಾಟೆ ಮಾಡುತ್ತಾರೆ ಅನ್ನುತ್ತಾರೆ. ಪೂಜೆಗೆ ಬರುತ್ತಿದ್ದ ಹೆಂಗಸರು, ಒಣಗಿದ ಮರ ಸುತ್ತಬಾರದು ಅಂತ ನಿಲ್ಲಿಸಿದ್ದಾರೆ. ಕೊಂಬೆ ಬೀಳುತ್ತದೆ ಅಂತ ಮಕ್ಕಳನ್ನೂ ಕಳಿಸುವುದಿಲ್ಲ.

ಇವರು ಮಾತ್ರ ದಿನಾ ಹೋಗಿ ಬೀಗ ತೆಗೆದು, ಕಲ್ಲಿಗೆ ನೀರು ಹಾಕಿ, ತಾಯಿಯ ಹೆಸರನ್ನು ಒರೆಸಿ ಬರುತ್ತಾರೆ. ಕಣ್ಣೆತ್ತಿ ಮೇಲೆ ನೋಡುವುದಿಲ್ಲ. ಕಳೆದ ವಾರ ಗಾಳಿಗೆ ಒಂದು ಕೊಂಬೆ ಮುರಿದು ಗ್ರಿಲ್ಲಿನ ಮೇಲೆ ಬಿತ್ತು. ಅದನ್ನು ಎಳೆದು ಬದಿಗೆ ಹಾಕಲು ಅವರ ಕೈಯಲ್ಲಿ ಆಗಲಿಲ್ಲ. ನಾನು ಹೋಗಿ ಇನ್ನೊಂದು ತುದಿ ಹಿಡಿದೆ. ಇಬ್ಬರೂ ಎಳೆದು ಬೇಲಿ ಪಕ್ಕ, ಪಾರ್ಥೇನಿಯಂ ನಡುವೆ ಹಾಕಿ ಮನೆಗೆ ಬಂದೆವು.